ಹೊಗೆಯನ್ನು ಸೋಸುವ ಬೆಲೆ

ಪಾಮನಕಲ್ಲೂರಿನ ಮನೆಯೊಂದರಲ್ಲಿ ಸಂಜೆ ದೀಪದ ಗುಂಡಿಯನ್ನು ಒತ್ತುವ ಬಾಲಕನಿಗೆ, ಆ ಬೆಳಕಿನ ಹಿಂದೆ ಉರಿಯುವ ಬೆಂಕಿಯ ನೆನಪಾಗುವುದು ಅಪರೂಪ. ನಮ್ಮ ರಾಯಚೂರು ಜಿಲ್ಲೆಯಲ್ಲಿಯೇ, ಕೃಷ್ಣಾ ನದಿಯ ದಡದ ಶಕ್ತಿನಗರದಲ್ಲಿ, ಅಂತಹ ಬೆಂಕಿ 1985ರಲ್ಲಿ ಹೊತ್ತಿತು. ಅಲ್ಲಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಕಾಲಕ್ರಮೇಣ ತಲಾ 210 ಮೆಗಾವಾಟಿನ ಏಳು ಘಟಕಗಳೂ 250 ಮೆಗಾವಾಟಿನ ಒಂದು ಘಟಕವೂ ಸ್ಥಾಪಿತವಾದವು. ಕಲ್ಲಿದ್ದಲಿನ ಹೊಗೆಯಲ್ಲಿರುವ ಬೂದಿಯನ್ನು ಯಂತ್ರಗಳು ಹಿಡಿದಿಡುತ್ತವೆ. ಆದರೆ ಕಣ್ಣಿಗೆ ಕಾಣದ ಇಂಗಾಲದ ಡೈ ಆಕ್ಸೈಡ್ ಮುಗಿಲಿಗೇರಿ ಭೂಮಿಯ ತಾಪವನ್ನು ಹೆಚ್ಚಿಸುತ್ತದೆ.

ಇದನ್ನು ಹಿಡಿಯಲಾಗದೆ? ಹಿಡಿಯಬಹುದು. ಉಪಾಯವೇನೂ ಹೊಸದಲ್ಲ, ಅಮೆರಿಕದ ರಾಬರ್ಟ್ ಬಾಟಮ್ಸ್ ಎಂಬಾತನಿಗೆ 1930ರಲ್ಲಿಯೇ ಇದರ ಹಕ್ಕುಪತ್ರ ದೊರೆತಿತ್ತು. ಅಮೀನ್ ಎಂಬ ರಾಸಾಯನಿಕವನ್ನು ನೀರಿನಲ್ಲಿ ಬೆರೆಸಿ ಎತ್ತರದ ಗೋಪುರದೊಳಗೆ ಮೇಲಿನಿಂದ ಸುರಿಸುತ್ತಾರೆ; ತಣಿಸಿದ ಹೊಗೆ ಕೆಳಗಿನಿಂದ ಏರುತ್ತದೆ. ಸುಮಾರು 40ರಿಂದ 60 ಡಿಗ್ರಿಯ ಈ ದ್ರಾವಣವು ಇಂಗಾಲದ ಡೈ ಆಕ್ಸೈಡನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಅನಂತರ ಅದನ್ನು ಇನ್ನೊಂದು ಗೋಪುರಕ್ಕೆ ಸಾಗಿಸಿ 120 ಡಿಗ್ರಿಯವರೆಗೆ ಕಾಯಿಸಿದರೆ ಅನಿಲ ಹೊರಬರುತ್ತದೆ; ದ್ರಾವಣ ಮರಳಿ ಮೊದಲ ಗೋಪುರಕ್ಕೆ ಹೋಗುತ್ತದೆ. ಜಾತ್ರೆಯಲ್ಲಿ ಬಿಸಿಲಿಗೆ ಕಾದ ಗೋಲಿಸೋಡವು ತಣ್ಣಗಿನದಕ್ಕಿಂತ ಹೆಚ್ಚು ಉಕ್ಕುವುದನ್ನು ನೀವು ಕಂಡಿರಬಹುದು. ಸೋಡದಲ್ಲಿ ಅನಿಲ ಒತ್ತಡಕ್ಕೆ ಮಣಿದು ನಿಂತಿರುತ್ತದೆ. ಇಲ್ಲಿಯಾದರೋ ಅಮೀನಿನೊಡನೆ ರಾಸಾಯನಿಕ ಬಂಧವೇ ಏರ್ಪಟ್ಟಿರುತ್ತದೆ.

ಆ ಬಂಧವನ್ನು ಬಿಡಿಸುವುದರಲ್ಲಿಯೇ ಇಡೀ ತೊಡಕು. ಮಾನೊಎಥನಾಲಮೀನ್ ಎಂಬ ಹಳೆಯ ದ್ರಾವಕವನ್ನು ಬಳಸಿದರೆ ಒಂದು ಟನ್ ಅನಿಲಕ್ಕೆ ಸುಮಾರು 3.7 ಗಿಗಾಜೂಲ್ ಶಾಖ ಬೇಕು. ಅಷ್ಟು ಶಾಖದಿಂದ 12,000 ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು! 210 ಮೆಗಾವಾಟಿನ ಒಂದು ಘಟಕ ಪೂರ್ಣವಾಗಿ ನಡೆದರೆ ಗಂಟೆಗೆ ಸುಮಾರು 200 ಟನ್ ಅನಿಲ ಹೊರಬೀಳುತ್ತದೆಂದು ಎಣಿಸಿ, ಅದರಲ್ಲಿ 180 ಟನ್ ಹಿಡಿಯುವುದಾದರೆ, 185 ಮೆಗಾವಾಟಿನಷ್ಟು ಶಾಖ ಇದಕ್ಕೇ ಮೀಸಲು. ಈ ಹಬೆಯನ್ನು ಟರ್ಬೈನಿನ ನಡುವಿನಿಂದಲೇ ತೆಗೆಯಬೇಕು. ಹಿಡಿದ ಅನಿಲವನ್ನು ಅದುಮುವ ಖರ್ಚೂ ಸೇರಿದರೆ, ಉತ್ಪಾದನೆಯ ಐದನೆಯ ಒಂದು ಪಾಲು ಅಥವಾ ಅದಕ್ಕೂ ಮಿಗಿಲಾದ ವಿದ್ಯುತ್ತು ಕೈಬಿಡುತ್ತದೆ. ಬೇಸಗೆಯಲ್ಲಿ ಪಂಪು ನಿಂತಾಗ ರೈತನು ಪಡುವ ಪಾಡನ್ನು ಬಲ್ಲ ನಮಗೆ ಇದು ಸಣ್ಣ ಮಾತಲ್ಲ.

ಈ ಶಾಖವೆಲ್ಲ ಎಲ್ಲಿಗೆ ಹೋಗುತ್ತದೆ? ಅರ್ಧದಷ್ಟು ಬಂಧವನ್ನು ಬಿಡಿಸುವುದಕ್ಕೆ. ಉಳಿದುದು ದ್ರಾವಣವನ್ನು ಕಾಯಿಸುವುದಕ್ಕೆ ಮತ್ತು ಅನಿಲದೊಡನೆ ಆವಿಯಾಗಿ ಹೋಗುವ ನೀರಿಗೆ. ದ್ರಾವಣದ ನೂರು ಭಾಗದಲ್ಲಿ ಎಪ್ಪತ್ತು ಭಾಗ ಬರಿಯ ನೀರೇ ಆಗಿರುವುದರಿಂದ, ನಾವು ಬಹುಮಟ್ಟಿಗೆ ನೀರನ್ನೇ ಕಾಯಿಸುತ್ತಿದ್ದೇವೆ ಎನ್ನಬೇಕು.

ಉಳಿತಾಯದ ಮೊದಲ ದಾರಿ ನಮ್ಮ ಅಡುಗೆಮನೆಯದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಮೂರು ಪಾತ್ರೆಗಳ ಒಲೆಯೊಂದನ್ನು ರೂಪಿಸಿದರು. ಮೊದಲ ಪಾತ್ರೆಯನ್ನು ಕಾಯಿಸಿ ಮಿಕ್ಕ ಶಾಖ ಮುಂದಿನ ಎರಡಕ್ಕೆ ದೊರೆಯುವುದೇ ಅದರ ಗುಟ್ಟು. ಗೋಪುರಗಳಲ್ಲಿಯೂ ಹಾಗೆಯೇ: ಅನಿಲವನ್ನು ಬಿಟ್ಟು ಮರಳುವ ಬಿಸಿ ದ್ರಾವಣದ ಪಕ್ಕದಲ್ಲಿಯೇ, ತೆಳುವಾದ ಲೋಹದ ತಗಡನ್ನು ನಡುವಿರಿಸಿ, ಅನಿಲ ತುಂಬಿದ ತಣ್ಣನೆಯ ದ್ರಾವಣವನ್ನು ಹರಿಸುತ್ತಾರೆ. ಹೋಗುವ ಬಿಸಿ ಬರುವುದಕ್ಕೆ ದಕ್ಕುತ್ತದೆ.

ಎರಡನೆಯದು ದ್ರಾವಕವನ್ನೇ ಬದಲಿಸುವುದು. ಸಡಿಲವಾಗಿ ಹಿಡಿಯುವ ಅಮೀನುಗಳು ಕಡಿಮೆ ಶಾಖಕ್ಕೇ ಅನಿಲವನ್ನು ಬಿಟ್ಟುಕೊಡುತ್ತವೆ. ಆದರೆ ಹಿಡಿಯುವುದೂ ನಿಧಾನ, ಆದ್ದರಿಂದ ಗೋಪುರ ಇನ್ನೂ ಎತ್ತರವಾಗಬೇಕು. ಈ ಕೊರತೆಯನ್ನು ನೀಗಲು ಚುರುಕಾದ ಪಿಪರಜೀನನ್ನು ಬೆರೆಸುತ್ತಾರೆ. ಇನ್ನು ಕೆಲವು ದ್ರಾವಕಗಳು ಅನಿಲವನ್ನು ಹೀರಿದ ಮೇಲೆ ಎಣ್ಣೆನೀರಿನಂತೆ ಎರಡು ಪದರಗಳಾಗುತ್ತವೆ. ಅನಿಲವಿರುವ ಪದರವನ್ನಷ್ಟೇ ಕಾಯಿಸಿದರೆ ಸಾಕು. ನನಗೆ ಇದು ಬಹಳ ಜಾಣತನದ ಉಪಾಯವೆಂದು ತೋರುತ್ತದೆ.

ನಮ್ಮ ದೇಶದಲ್ಲಿಯೂ ಪ್ರಯತ್ನಗಳು ನಡೆದಿವೆ. ತೂತ್ತುಕುಡಿಯ ಕಾರ್ಖಾನೆಯೊಂದರಲ್ಲಿ 2016ರಲ್ಲಿ ಹೀಗೆ ಹಿಡಿದ ಅನಿಲದಿಂದ ಸೋಡಾ ಬೂದಿಯನ್ನು ತಯಾರಿಸತೊಡಗಿದರು. 2022ರಲ್ಲಿ ಮಧ್ಯಪ್ರದೇಶದ ವಿಂಧ್ಯಾಚಲ ವಿದ್ಯುತ್ ಕೇಂದ್ರದಲ್ಲಿ ದಿನಕ್ಕೆ 20 ಟನ್ ಹಿಡಿಯುವ ಸ್ಥಾವರ ಆರಂಭವಾಯಿತು. ಮೇಲಿನ ಒಂದೇ ಘಟಕದ ಲೆಕ್ಕಕ್ಕೆ ಹೋಲಿಸಿದರೆ 20 ಟನ್ ಎಂಬುದು ಏಳು ನಿಮಿಷಗಳ ಕೆಲಸ. ಟನ್ನಿಗೆ ತಗಲುವ ಶಾಖ 2.5 ಗಿಗಾಜೂಲಿಗೆ ಇಳಿದರೆ, ಅದೇ ಘಟಕದಲ್ಲಿ 185ರ ಬದಲು 125 ಮೆಗಾವಾಟಿನಷ್ಟು ಶಾಖ ಸಾಕು. ಉಳಿದ ಹಬೆ ಮತ್ತೆ ಟರ್ಬೈನಿಗೆ ಸಲ್ಲುತ್ತದೆ.