ಫೋನ್ ನಂದು, ಬೀಗದ ಕೈ ಯಾರದ್ದು?

ನನ್ನ ಫೋನ್‌ಗೆ ಕಂಪನಿ ಅಪ್‌ಡೇಟ್ ಕೊಡೋದು ನಿಲ್ಲಿಸಿ ಎರಡು ವರ್ಷ ಆಗಿತ್ತು. ಹೋದ ಸೆಮ್‌ನಲ್ಲಿ ಒಂದು ಭಾನುವಾರ ಕೂತು ಬೂಟ್‌ಲೋಡರ್ ಅನ್‌ಲಾಕ್ ಮಾಡಿ, ಲಿನೇಜ್‌ಓಎಸ್ ಹಾಕಿದೆ. ಹೊಸ ಆಂಡ್ರಾಯ್ಡ್, ಹೊಸ ಸೆಕ್ಯುರಿಟಿ ಪ್ಯಾಚ್. ಖುಷಿಯೋ ಖುಷಿ. ಸೋಮವಾರ ಕ್ಯಾಂಟೀನ್‌ನಲ್ಲಿ ದೋಸೆಗೆ ದುಡ್ಡು ಕೊಡೋಣ ಅಂತ ಬ್ಯಾಂಕ್ ಆ್ಯಪ್ ತೆಗೆದ್ರೆ, ಈ ಫೋನ್ ಸುರಕ್ಷಿತವಲ್ಲ ಅಂತ ಹೇಳಿ ಮುಚ್ಚಿಕೊಂಡಿತು. ಎರಡು ವರ್ಷ ಪ್ಯಾಚ್ ಇಲ್ಲದೆ ಇದ್ದಾಗ ಇದೇ ಆ್ಯಪ್ ತಕರಾರಿಲ್ಲದೆ ಓಡ್ತಿತ್ತು! ದೋಸೆ ದುಡ್ಡು ರೂಮ್‌ಮೇಟ್ ಕೊಟ್ಟ.

ಯಾಕೆ ಹೀಗೆ ಅಂತ ಓದಿದೆ. ಫೋನ್ ಆನ್ ಮಾಡಿದಾಗ ಮೊದಲು ಓಡೋದು ಚಿಪ್‌ನೊಳಗಿನ ಬೂಟ್ ರಾಮ್. ಅದನ್ನ ಬದಲಿಸೋಕಾಗಲ್ಲ. ಅದು ಬೂಟ್‌ಲೋಡರ್‌ನ ಡಿಜಿಟಲ್ ಸಹಿ ನೋಡುತ್ತೆ. ಬೂಟ್‌ಲೋಡರ್ ಕರ್ನಲ್‌ನ ಸಹಿ ನೋಡುತ್ತೆ. ಕರ್ನಲ್, ಸಿಸ್ಟಮ್ ಪಾರ್ಟಿಷನ್‌ನ ಪ್ರತಿ ಬ್ಲಾಕ್ ಓದುವಾಗಲೂ ಹ್ಯಾಶ್ ತಾಳೆ ಹಾಕುತ್ತೆ. ಇದಕ್ಕೆ ವೆರಿಫೈಡ್ ಬೂಟ್ ಅಂತಾರೆ. ಇದು ಕೆಟ್ಟದ್ದೇನಲ್ಲ. ಫೋನ್ ಕದ್ದವನು ಒಳಗಿನ ಸಾಫ್ಟ್‌ವೇರ್ ಬದಲಿಸದಂತೆ ತಡೆಯೋದು ಇದೇ. ಅನ್‌ಲಾಕ್ ಮಾಡಿದ ಕೂಡಲೇ ಡೇಟಾ ಪೂರ್ತಿ ಅಳಿಸಿಹೋಗೋದೂ ಅದಕ್ಕೇ. (ನನ್ನ ಫೋಟೋಗಳು ಹೋಗಿದ್ದು ಹೀಗೆ. ಬ್ಯಾಕಪ್ ಇರಲಿಲ್ಲ.) ಹಾಗಾಗಿ ಬೀಗವೇ ಬೇಡ ಅನ್ನೋರ ವಾದ ನಂಗೆ ಒಪ್ಪಿಗೆಯಿಲ್ಲ.

ತಕರಾರು ಇರೋದು ಬೀಗದ ಕೈ ಬಗ್ಗೆ. ಆಂಡ್ರಾಯ್ಡ್‌ನ ವೆರಿಫೈಡ್ ಬೂಟ್ ವಿನ್ಯಾಸದಲ್ಲೇ ಮಾಲೀಕ ತನಗೆ ಬೇಕಾದ ಕೀ ಕೂರಿಸೋಕೆ ಅವಕಾಶ ಇದೆ. ಗೂಗಲ್‌ನ ಪಿಕ್ಸೆಲ್ ಫೋನ್‌ಗಳಲ್ಲಿ ಗ್ರಾಫೀನ್‌ಓಎಸ್ ಹಾಕಿ, ಅದರ ಕೀ ಸೇರಿಸಿ, ಬೂಟ್‌ಲೋಡರನ್ನ ಮತ್ತೆ ಲಾಕ್ ಮಾಡಬಹುದು. ಆನ್ ಮಾಡುವಾಗ ಒಂದು ಹಳದಿ ಎಚ್ಚರಿಕೆ ಬರುತ್ತೆ, ಅಷ್ಟೇ. ಪರಿಶೀಲನೆ ಮೊದಲಿನ ಹಾಗೇ ನಡೆಯುತ್ತೆ. ಆದ್ರೆ ಎಷ್ಟೋ ಕಂಪನಿಗಳ ಫೋನ್‌ಗಳಲ್ಲಿ ಈ ಅವಕಾಶ ಇಲ್ಲ. ಅಲ್ಲಿ ಒಂದೋ ಕಂಪನಿಯ ಕೀ, ಇಲ್ಲಾಂದ್ರೆ ಬಾಗಿಲು ತೆರೆದೇ ಇಡಬೇಕು. ಕೆಲವರಂತೂ ಅನ್‌ಲಾಕ್ ಮಾಡೋಕೂ ಬಿಡಲ್ಲ.

ಇನ್ನು ಬ್ಯಾಂಕ್ ಆ್ಯಪ್. ಇಂಥ ಎಷ್ಟೋ ಆ್ಯಪ್‌ಗಳು ಗೂಗಲ್‌ನ ಪ್ಲೇ ಇಂಟೆಗ್ರಿಟಿಯನ್ನ ವಿಚಾರಿಸುತ್ತವೆ. ಅದಕ್ಕೆ ಬೀಗ ಹಾಕಿದ್ರೆ ಸಾಲದು, ಗೂಗಲ್ ಪ್ರಮಾಣೀಕರಿಸಿದ ಆಂಡ್ರಾಯ್ಡೇ ಆಗಿರಬೇಕು. ಅದಕ್ಕೇ ಲಾಕ್ ಆಗಿರೋ ಗ್ರಾಫೀನ್‌ಓಎಸ್ ಕೂಡ ಅದರ ಡಿವೈಸ್ ಪರೀಕ್ಷೆಯಲ್ಲಿ ಫೇಲ್. ಬೇರೆ ದಾರಿ ಇಲ್ವಾ? ಇದೆ. ಆಂಡ್ರಾಯ್ಡ್‌ನ ಹಾರ್ಡ್‌ವೇರ್ ಅಟೆಸ್ಟೇಷನ್ ಬಳಸಿ, ಫೋನ್ ಯಾವ ಕೀಯಿಂದ ಬೂಟ್ ಆಗಿದೆ ಅಂತ ಆ್ಯಪ್ ನೇರವಾಗಿ ತಿಳ್ಕೋಬಹುದು. ಯಾವ ಕೀ ನಂಬಬೇಕು ಅನ್ನೋದನ್ನ ಆಗ ಬ್ಯಾಂಕೇ ತೀರ್ಮಾನಿಸಬಹುದು.

ನನ್ನದು ಪಿಕ್ಸೆಲ್ ಅಲ್ಲ, ಬಾಗಿಲು ತೆರೆದೇ ಇದೆ. ಅದ್ರಲ್ಲಿ ಈಗ ಹಾಡು ಕೇಳ್ತೀನಿ, ದೋಸೆಗೆ ಚಿಲ್ಲರೆ ಇಟ್ಕೊಂಡು ಹೋಗ್ತೀನಿ. ನೀವು ಹೊಸ ಫೋನ್ ತಗೊಳೋರಿದ್ರೆ ಕ್ಯಾಮೆರಾ, ಬ್ಯಾಟರಿ ಜೊತೆಗೆ ಬೂಟ್‌ಲೋಡರ್ ಅನ್‌ಲಾಕ್ ಆಗುತ್ತಾ, ಮತ್ತೆ ಲಾಕ್ ಮಾಡಬಹುದಾ ಅಂತಲೂ ನೋಡಿ. ಅಂಗಡಿಯವ್ರನ್ನ ಕೇಳಿ ಪ್ರಯೋಜನ ಇಲ್ಲ, ನಾನು ಕೇಳಿ ನೋಡಿದ್ದೀನಿ.