ಕಾಲೇಜು ಸೈಕ್ಲಿಂಗ್ ತಂಡಗಳ ಋತುಪೂರ್ವ ಸಿದ್ಧತೆ (ಗದಗ ಜಿಲ್ಲೆ)

ಕಾಲೇಜು ಸೈಕ್ಲಿಂಗ್ ತಂಡಗಳ ಋತುಪೂರ್ವ ಸಿದ್ಧತೆ ಎಂದರೆ ಅಂತರ ಕಾಲೇಜು ಮತ್ತು ಅಂತರ ವಿಶ್ವವಿದ್ಯಾಲಯ ಸೈಕಲ್ ಸ್ಪರ್ಧೆಗಳು ಆರಂಭವಾಗುವ ಮೊದಲು ವಿದ್ಯಾರ್ಥಿ ಸವಾರರು ದೇಹ, ಸೈಕಲ್ಲು, ದಾಖಲೆಗಳು ಹಾಗೂ ತಂಡದ ಶಿಸ್ತನ್ನು ಸಜ್ಜುಗೊಳಿಸಿಕೊಳ್ಳುವ ಕ್ರಮ. ಸಾಮಾನ್ಯವಾಗಿ ಇದಕ್ಕೆ ನಾಲ್ಕರಿಂದ ಆರು ತಿಂಗಳು ಬೇಕಾಗುತ್ತದೆ. ಉತ್ತರ ಕರ್ನಾಟಕದ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮತ್ತು ಗದಗ ಜಿಲ್ಲೆಗಳು ರಾಜ್ಯದ ಸೈಕ್ಲಿಂಗ್‌ಗೆ ಹೆಚ್ಚಿನ ಸವಾರರನ್ನು ನೀಡಿವೆ. ಈ ಲೇಖನವು ಗದಗ ಜಿಲ್ಲೆಯ, ವಿಶೇಷವಾಗಿ ಕಪ್ಪತಗುಡ್ಡದ ತಪ್ಪಲಿನ ಡೋಣಿ, ಡಂಬಳ, ಮುಂಡರಗಿ ಭಾಗದ ಹವೆ ಮತ್ತು ರಸ್ತೆಗಳನ್ನು ಗಮನದಲ್ಲಿರಿಸಿಕೊಂಡು ಆ ಕ್ರಮವನ್ನು ವಿವರಿಸುತ್ತದೆ.

ಹಿನ್ನೆಲೆ

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 1900ರಲ್ಲಿ ಸ್ಥಾಪನೆಯಾಯಿತು. ಸೈಕ್ಲಿಂಗ್ 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲಿಯೇ ಇದ್ದ ಕ್ರೀಡೆ. ಮೌಂಟನ್ ಬೈಕ್ ಸ್ಪರ್ಧೆಯು 1996ರಲ್ಲಿ ಅದಕ್ಕೆ ಸೇರಿತು. ಭಾರತದಲ್ಲಿ ಈ ಕ್ರೀಡೆಯ ಆಡಳಿತವನ್ನು ಭಾರತೀಯ ಸೈಕ್ಲಿಂಗ್ ಫೆಡರೇಷನ್ ನೋಡಿಕೊಳ್ಳುತ್ತದೆ. ವಿಶ್ವವಿದ್ಯಾಲಯಗಳ ನಡುವಿನ ಸ್ಪರ್ಧೆಗಳು 1925ರಲ್ಲಿ ಆರಂಭವಾದ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಆಶ್ರಯದಲ್ಲಿ ಜರುಗುತ್ತವೆ.

ಉತ್ತರ ಕರ್ನಾಟಕದಲ್ಲಿ ಸೈಕಲ್ ಮೊದಲು ಹೊಲ, ಶಾಲೆ ಮತ್ತು ಸಂತೆಯ ವಾಹನವಾಗಿತ್ತು. ಜಾತ್ರೆಗಳ ಸಂದರ್ಭದಲ್ಲಿ ನಡೆಯುವ ಸೈಕಲ್ ಓಟಗಳು ಅದನ್ನು ಸ್ಪರ್ಧೆಯ ಸಾಧನವನ್ನಾಗಿಸಿದವು. ಬಳಿಕ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳು ಹಾಗೂ ಬೆಳಗಾವಿ ಜಿಲ್ಲೆಯ ಚಂದರಗಿಯ ಕ್ರೀಡಾ ಶಾಲೆ ಬಾಲಸವಾರರಿಗೆ ಕ್ರಮಬದ್ಧ ತರಬೇತಿ ನೀಡಿದವು. 2021ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ಗದಗದಲ್ಲಿ ನಡೆಯಿತು.

ವಸತಿ ನಿಲಯದಿಂದ ಕಾಲೇಜಿಗೆ ಬರುವ ಹಂತವು ಸವಾರರ ಪಾಲಿಗೆ ನಿರ್ಣಾಯಕವಾದುದು. ನಿಲಯದಲ್ಲಿ ದೊರೆಯುತ್ತಿದ್ದ ಸೈಕಲ್ಲು, ಊಟ ಮತ್ತು ತರಬೇತುದಾರರ ನಿಗಾ ಕಾಲೇಜಿನಲ್ಲಿ ಒಟ್ಟಿಗೆ ಸಿಗುವುದು ಅಪರೂಪ. ತರಗತಿಗಳು, ಪರೀಕ್ಷೆಗಳು ಮತ್ತು ಮನೆಯ ಹೊಲದ ಕೆಲಸದ ನಡುವೆ ಅಭ್ಯಾಸ ತಪ್ಪಿದರೆ ಪ್ರತಿಭಾವಂತರೂ ಕ್ರೀಡೆಯಿಂದ ದೂರವಾಗುತ್ತಾರೆ. ಆದ್ದರಿಂದ ಕಾಲೇಜು ತಂಡದ ಋತುಪೂರ್ವ ಸಿದ್ಧತೆಯು ಪದಕಗಳಿಗೆ ಮಾತ್ರವಲ್ಲ, ಸವಾರರು ಕ್ರೀಡೆಯಲ್ಲಿ ಉಳಿಯುವುದಕ್ಕೂ ಸಂಬಂಧಿಸಿದೆ.

ಭೌಗೋಳಿಕ ಪರಿಸರ

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಗದಗ ಜಿಲ್ಲೆಯ ಬಹುಭಾಗ ಎರೆಮಣ್ಣಿನ ಬಯಲು. ಡೋಣಿಯು ಮುಂಡರಗಿ ತಾಲ್ಲೂಕಿನಲ್ಲಿ ಕಪ್ಪತಗುಡ್ಡದ ತಪ್ಪಲಿನಲ್ಲಿರುವ ಗ್ರಾಮ. ಬಯಲಿನ ನೇರ ರಸ್ತೆಗಳು ಸಮವೇಗದ ಸವಾರಿಗೂ, ಗುಡ್ಡದ ಸುತ್ತಲಿನ ಏರುಗಳು ಬಲವರ್ಧನೆಗೂ ಅನುಕೂಲಕರ. ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಗಿದೆ. ಆದ್ದರಿಂದ ಅರಣ್ಯದೊಳಗಿನ ದಾರಿಗಳಲ್ಲಿ ಮೌಂಟನ್ ಬೈಕ್ ಅಭ್ಯಾಸ ಮಾಡಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕಾಗುತ್ತದೆ.

ಈ ಭಾಗದ ಪ್ರಮುಖ ಅಂಶ ಗಾಳಿ. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳೇ ಅದರ ರಭಸಕ್ಕೆ ಸಾಕ್ಷಿ. ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮ ದಿಕ್ಕಿನಿಂದ ಬೀಸುವ ಗಾಳಿ ಬಯಲಿನಲ್ಲಿ ತಡೆಯಿಲ್ಲದೆ ಸಾಗುತ್ತದೆ. ಮಳೆಯಾದ ಮೇಲೆ ಎರೆಮಣ್ಣು ಗಾಲಿ ಮತ್ತು ಬ್ರೇಕಿಗೆ ಮೆತ್ತಿಕೊಳ್ಳುವುದರಿಂದ ಕಚ್ಚಾ ದಾರಿಗಳ ಬಳಕೆ ಕಷ್ಟವಾಗುತ್ತದೆ.

ಸ್ಪರ್ಧೆಯ ವಿಧಗಳು

* ವೈಯಕ್ತಿಕ ಟೈಮ್ ಟ್ರಯಲ್: ಸವಾರರು ನಿಗದಿತ ಅಂತರದಲ್ಲಿ ಒಬ್ಬೊಬ್ಬರಾಗಿ ಹೊರಟು ಗಡಿಯಾರದ ವಿರುದ್ಧ ಸ್ಪರ್ಧಿಸುತ್ತಾರೆ. ಇನ್ನೊಬ್ಬರ ಹಿಂದೆ ಗಾಳಿಮರೆಯಲ್ಲಿ ಸಾಗುವಂತಿಲ್ಲ.
* ಮಾಸ್ ಸ್ಟಾರ್ಟ್: ಎಲ್ಲರೂ ಒಟ್ಟಿಗೆ ಹೊರಡುವ ರಸ್ತೆ ಓಟ. ಇಲ್ಲಿ ಶಕ್ತಿಯಷ್ಟೇ ತಂತ್ರವೂ ಮುಖ್ಯ.
* ಟೀಮ್ ಟೈಮ್ ಟ್ರಯಲ್: ತಂಡದ ಸದಸ್ಯರು ಸರದಿಯಂತೆ ಮುಂದೆ ಬಂದು ಗಾಳಿಯನ್ನು ಎದುರಿಸುತ್ತಾರೆ.
* ಟ್ರ್ಯಾಕ್ ಸ್ಪರ್ಧೆಗಳು: ವೆಲೋಡ್ರೋಮ್‌ನಲ್ಲಿ, ಬ್ರೇಕ್ ಇಲ್ಲದ ಒಂದೇ ಗೇರಿನ ಸೈಕಲ್ಲಿನಲ್ಲಿ ನಡೆಯುತ್ತವೆ.
* ಮೌಂಟನ್ ಬೈಕ್: ಕಲ್ಲು, ಏರು, ಇಳಿಜಾರುಗಳ ಕಚ್ಚಾ ದಾರಿಯ ಓಟ.

ಸಿದ್ಧತೆಯ ಹಂತಗಳು

ಅಂತರ ವಿಶ್ವವಿದ್ಯಾಲಯ ಸ್ಪರ್ಧೆಗಳು ಸಾಮಾನ್ಯವಾಗಿ ಚಳಿಗಾಲದಲ್ಲಿ ಬರುವುದರಿಂದ ಮುಂಗಾರಿನ ಆರಂಭದಲ್ಲಿಯೇ ತಯಾರಿ ಶುರುವಾಗುವುದು ಸೂಕ್ತ.

ತಳಹದಿಯ ಹಂತವು ಎಂಟರಿಂದ ಹನ್ನೆರಡು ವಾರಗಳದ್ದು. ಜೊತೆಯ ಸವಾರನೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾಗುವಷ್ಟು ವೇಗದಲ್ಲಿ ದೀರ್ಘ ಸವಾರಿ ಮಾಡಲಾಗುತ್ತದೆ. ನಿಮಿಷಕ್ಕೆ 80ರಿಂದ 100 ಪೆಡಲ್ ಸುತ್ತುಗಳನ್ನು ಸಲೀಸಾಗಿ ತುಳಿಯುವ ಅಭ್ಯಾಸವೂ ಇದರಲ್ಲಿ ಸೇರಿದೆ. ವಾರದ ಒಟ್ಟು ಸವಾರಿಯನ್ನು ಹಂತಹಂತವಾಗಿ ಹೆಚ್ಚಿಸಿ, ಪ್ರತಿ ನಾಲ್ಕನೆಯ ವಾರ ಹಗುರಗೊಳಿಸುವುದು ರೂಢಿ. ರಜೆಯ ನಂತರ ಒಮ್ಮೆಲೇ ನೂರು ಕಿಲೋಮೀಟರ್ ತುಳಿಯುವುದು ಮೊಣಕಾಲಿನ ನೋವಿಗೆ ಸಾಮಾನ್ಯ ಕಾರಣ.

ತೀವ್ರತೆಯ ಹಂತದಲ್ಲಿ ಏರು ಹತ್ತುವುದು, 8ರಿಂದ 20 ನಿಮಿಷಗಳ ಸಮವೇಗದ ಕಠಿಣ ಸವಾರಿ ಮತ್ತು ಅಲ್ಪಾವಧಿಯ ವೇಗದೋಟಗಳನ್ನು ವಾರಕ್ಕೆ ಎರಡು ಬಾರಿ ಸೇರಿಸಲಾಗುತ್ತದೆ. ಎರಡು ಕಠಿಣ ದಿನಗಳ ನಡುವೆ ಕನಿಷ್ಠ ಒಂದು ಸುಲಭದ ದಿನ ಇರಬೇಕು.

ಇಳಿಕೆಯ ಹಂತವು ಸ್ಪರ್ಧೆಗೆ ಮುನ್ನ ಒಂದೆರಡು ವಾರ. ಸವಾರಿಯ ಪ್ರಮಾಣವನ್ನು ಸುಮಾರು ಅರ್ಧಕ್ಕೆ ಇಳಿಸಿ, ತೀವ್ರತೆಯನ್ನು ಮಾತ್ರ ಉಳಿಸಿಕೊಳ್ಳಲಾಗುತ್ತದೆ. ಕೊನೆಯ ವಾರದಲ್ಲಿ ಹೆಚ್ಚು ತುಳಿದು ಹಿಂದಿನ ಕೊರತೆ ತುಂಬಿಕೊಳ್ಳಲು ಸಾಧ್ಯವಿಲ್ಲ. ಅದರಿಂದ ದಣಿವು ಮಾತ್ರ ಉಳಿಯುತ್ತದೆ.

ಪ್ರಗತಿಯ ಅಳತೆ ಮತ್ತು ಗಾಳಿ

ಶಕ್ತಿಮಾಪಕ ಉಪಕರಣಗಳು ದುಬಾರಿಯಾದ್ದರಿಂದ ಬಹುತೇಕ ಕಾಲೇಜು ತಂಡಗಳು ಒಂದೇ ರಸ್ತೆಯಲ್ಲಿ ಹೋಗಿಬರುವ ಸಮಯವನ್ನು ಅಳತೆಯಾಗಿ ಬಳಸಬಹುದು. ಆದರೆ ಎದುರುಗಾಳಿಯಲ್ಲಿ ಕಳೆದುಕೊಂಡ ಸಮಯವನ್ನು ಬೆನ್ನಗಾಳಿ ಪೂರ್ತಿಯಾಗಿ ಹಿಂದಿರುಗಿಸುವುದಿಲ್ಲ. ಉದಾಹರಣೆಗೆ, 10 ಕಿ.ಮೀ. ದೂರವನ್ನು ಎದುರುಗಾಳಿಯಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಸಾಗಲು 24 ನಿಮಿಷ ಬೇಕು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಮರಳಲು 15 ನಿಮಿಷ ಸಾಕು. ಒಟ್ಟು 39 ನಿಮಿಷಗಳಾದ್ದರಿಂದ ಸರಾಸರಿ ವೇಗ ಗಂಟೆಗೆ ಸುಮಾರು 30.8 ಕಿ.ಮೀ. ಆಗುತ್ತದೆಯೇ ಹೊರತು ಎರಡು ವೇಗಗಳ ನಡುವಣ 32.5 ಅಲ್ಲ. ನಿಧಾನವಾದ ಭಾಗದಲ್ಲಿ ಹೆಚ್ಚು ಹೊತ್ತು ಕಳೆಯುವುದೇ ಇದಕ್ಕೆ ಕಾರಣ. ಹೀಗಾಗಿ ಆಷಾಢದ ಗಾಳಿಯಲ್ಲಿ ಮಾಡಿದ ಪರೀಕ್ಷೆಯನ್ನು ಕಾರ್ತಿಕದ ಶಾಂತ ಮುಂಜಾನೆಯದರೊಡನೆ ನೇರವಾಗಿ ಹೋಲಿಸಬಾರದು. ದಿನಚರಿ ಪುಸ್ತಕದಲ್ಲಿ ಸಮಯದ ಜೊತೆಗೆ ಗಾಳಿಯ ದಿಕ್ಕನ್ನೂ ಬರೆದಿಡಬೇಕು.

ಗಾಳಿಯ ಪ್ರತಿರೋಧವನ್ನು ಮೀರಲು ಬೇಕಾದ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ; ಗಾಳಿಯಿಲ್ಲದ ದಿನವೂ ವೇಗ ಇಮ್ಮಡಿಯಾದರೆ ಆ ಶಕ್ತಿ ಎಂಟು ಪಟ್ಟಾಗುತ್ತದೆ. ಮುಂದಿನ ಸವಾರನ ಮರೆಯಲ್ಲಿ ಸಾಗುವವರಿಗೆ ಗಣನೀಯ ಉಳಿತಾಯವಾಗುವುದು ಇದರಿಂದಲೇ. ಅಡ್ಡಗಾಳಿಯಲ್ಲಿ ಸವಾರರು ಓರೆ ಸಾಲಿನಲ್ಲಿ ನಿಲ್ಲುತ್ತಾರೆ. ಇದು ರಸ್ತೆಯ ಅಗಲವನ್ನು ಬಳಸುವುದರಿಂದ ವಾಹನ ಸಂಚಾರ ತಡೆದ ಸ್ಥಳದಲ್ಲಿ ಮಾತ್ರ ಅಭ್ಯಾಸ ಮಾಡಬಹುದಾದ ಕೌಶಲ.

ಸೈಕಲ್ಲಿನ ಸಜ್ಜು

ರಸ್ತೆ ಸ್ಪರ್ಧೆಯ ಸೈಕಲ್ಲು ಕನಿಷ್ಠ 6.8 ಕಿ.ಗ್ರಾಂ. ತೂಗಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಕಾಲೇಜು ಮಟ್ಟದಲ್ಲಿ ಸಮಸ್ಯೆ ಇರುವುದು ತೂಕದಲ್ಲಲ್ಲ, ಹೊಂದಾಣಿಕೆಯಲ್ಲಿ. ಒಂದೇ ಸೈಕಲ್ಲನ್ನು ಇಬ್ಬರು ಮೂವರು ಹಂಚಿಕೊಳ್ಳುವಾಗ ಸೀಟಿನ ಎತ್ತರವನ್ನು ಪ್ರತಿಯೊಬ್ಬರಿಗೂ ಹೊಂದಿಸಿಕೊಳ್ಳಬೇಕು. ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗುವುದು ಸರಳ ಆರಂಭಿಕ ಅಳತೆ. ಪ್ರತಿ ಸವಾರನ ಅಳತೆಗೆ ಸೀಟಿನ ಕಂಬದ ಮೇಲೆ ಬಣ್ಣದ ಟೇಪಿನ ಗುರುತು ಮಾಡಿದರೆ ಕೆಲಸ ಹಗುರವಾಗುತ್ತದೆ.

ಋತುವಿಗೆ ಮುನ್ನ ಚೈನಿನ ಸವೆತ, ಬ್ರೇಕಿನ ರಬ್ಬರು, ಗಾಲಿಯ ಕಡ್ಡಿಗಳ ಬಿಗಿ, ಟೈರಿನ ಸೀಳುಗಳನ್ನು ಪರೀಕ್ಷಿಸಬೇಕು. ಈ ಭಾಗದಲ್ಲಿ ರಸ್ತೆಬದಿಯ ಜಾಲಿಮುಳ್ಳು ಪಂಕ್ಚರಿಗೆ ಮುಖ್ಯ ಕಾರಣ. ಪ್ರತಿಯೊಬ್ಬರೂ ಹೆಚ್ಚುವರಿ ಟ್ಯೂಬು ಮತ್ತು ಪಂಪು ಒಯ್ಯಬೇಕು. ಹೊಸ ಟ್ಯೂಬು ಹಾಕುವ ಮೊದಲು ಟೈರಿನ ಒಳಭಾಗವನ್ನು ತಡಕಿ ಮುಳ್ಳಿನ ತುದಿಯನ್ನು ತೆಗೆಯಬೇಕು. ಇಲ್ಲವಾದರೆ ಅದೇ ಮುಳ್ಳು ಮತ್ತೆ ಚುಚ್ಚುತ್ತದೆ.

ಆಹಾರ ಮತ್ತು ಆರೋಗ್ಯ

ಜೋಳದ ರೊಟ್ಟಿ, ಕಾಳುಪಲ್ಲೆ, ಮೊಸರು, ಶೇಂಗಾ ಚಟ್ನಿಗಳ ಸ್ಥಳೀಯ ಊಟ ತರಬೇತಿಯ ದಿನಗಳಿಗೆ ಉತ್ತಮ. ಸ್ಪರ್ಧೆಯ ಮುಂಜಾನೆ ಮಾತ್ರ ನಾರು ಮತ್ತು ಕೊಬ್ಬು ಕಡಿಮೆಯಿರುವ, ಮೊದಲೇ ರೂಢಿಸಿಕೊಂಡ ಆಹಾರ ಹಿತ. ಒಂದೂವರೆ ಗಂಟೆಗೂ ಮೀರಿದ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕಾಗುತ್ತದೆ. ಬಾಳೆಹಣ್ಣು ಮತ್ತು ಬೆಲ್ಲ ಸುಲಭದ ಮೂಲಗಳು. ಸವಾರಿಗೆ ಮೊದಲು ಮತ್ತು ನಂತರ ತೂಕ ನೋಡಿದರೆ ಬೆವರಿನ ನಷ್ಟ ತಿಳಿಯುತ್ತದೆ: ಒಂದು ಕಿಲೋ ಇಳಿಕೆ ಎಂದರೆ ಸುಮಾರು ಒಂದು ಲೀಟರ್ ದ್ರವದ ಕೊರತೆ. ದೇಹವು ಬಿಸಿಲಿಗೆ ಒಗ್ಗಲು ಸುಮಾರು ಎರಡು ವಾರ ಹಿಡಿಯುತ್ತದೆ.

ಋತುವಿನ ಆರಂಭದಲ್ಲಿ ವೈದ್ಯಕೀಯ ತಪಾಸಣೆ ಅಗತ್ಯ. ಸವಾರರಲ್ಲಿ, ಅದರಲ್ಲಿಯೂ ವಿದ್ಯಾರ್ಥಿನಿಯರಲ್ಲಿ, ಕಾರಣವಿಲ್ಲದ ದಣಿವಿಗೆ ರಕ್ತಹೀನತೆ ಮೂಲವಾಗಿರಬಹುದು. ಅದನ್ನು ಸೋಮಾರಿತನವೆಂದು ತಿಳಿಯದೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು. ಔಷಧ ಅಂಗಡಿಯಲ್ಲಿ ಸಿಗುವ ಕೆಲವು ನೆಗಡಿ ಮಾತ್ರೆಗಳಲ್ಲಿಯೂ ಸ್ಪರ್ಧೆಯ ವೇಳೆ ನಿಷೇಧಿತವಾದ ವಸ್ತುಗಳಿರಬಹುದು. ಆದ್ದರಿಂದ ಸೇವಿಸುವ ಮುನ್ನ ವೈದ್ಯರಿಗೆ ತಾನು ಕ್ರೀಡಾಪಟುವೆಂದು ತಿಳಿಸಬೇಕು.

ರಸ್ತೆ ಸುರಕ್ಷತೆ

ವೆಲೋಡ್ರೋಮ್ ಎಲ್ಲೆಡೆ ಲಭ್ಯವಿಲ್ಲದ ಕಾರಣ ಅಭ್ಯಾಸವೆಲ್ಲ ಸಾರ್ವಜನಿಕ ರಸ್ತೆಯಲ್ಲಿಯೇ ನಡೆಯುತ್ತದೆ. ಹುಬ್ಬಳ್ಳಿ–ಗದಗ–ಕೊಪ್ಪಳ ಮಾರ್ಗದ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಭಾರಿ ವಾಹನಗಳ ಸಂಚಾರವಿರುವುದರಿಂದ ಒಳರಸ್ತೆಗಳು ಲೇಸು. ಸುಗ್ಗಿಯ ಕಾಲದಲ್ಲಿ ರೈತರು ಬೆಳೆಯನ್ನು ರಸ್ತೆಯ ಮೇಲೆ ಹರಡಿ ಒಣಗಿಸುವುದುಂಟು; ಕಾಳು ಮತ್ತು ಹೊಟ್ಟಿನ ಮೇಲೆ ಕಿರಿದಾದ ಟೈರು ಜಾರುತ್ತದೆ. ಕಬ್ಬು ಸಾಗಿಸುವ ಟ್ರ್ಯಾಕ್ಟರ್‌ಗಳ ಹಿಂಬದಿ ದೀಪವಿಲ್ಲದ ಟ್ರೇಲರ್‌ಗಳು ನಸುಕಿನಲ್ಲಿ ಕಾಣಿಸುವುದಿಲ್ಲ.

* ಹೆಲ್ಮೆಟ್ ಇಲ್ಲದವರನ್ನು ಅಭ್ಯಾಸಕ್ಕೆ ಸೇರಿಸಿಕೊಳ್ಳಬಾರದು.
* ಬೆಳಕು ಹರಿದ ನಂತರವೇ ಹೊರಡಬೇಕು. ಹಿಂಬದಿಯಲ್ಲಿ ಕೆಂಪು ದೀಪವಿರಬೇಕು.
* ಗುಂಡಿ, ದನಕರು, ಹಂಪುಗಳನ್ನು ಕೈಸನ್ನೆ ಮತ್ತು ಕೂಗಿನಿಂದ ಹಿಂದಿನವರಿಗೆ ತಿಳಿಸಬೇಕು.
* ಯಾವ ದಾರಿ, ಎಷ್ಟು ಜನ, ಮರಳುವ ಸಮಯ ಯಾವುದೆಂದು ದೈಹಿಕ ಶಿಕ್ಷಣ ನಿರ್ದೇಶಕರಿಗೆ ಮೊದಲೇ ತಿಳಿಸಬೇಕು.

ಆಯ್ಕೆ ಮತ್ತು ದಾಖಲೆಗಳು

ಸವಾರರು ಮೊದಲು ಅಂತರ ಕಾಲೇಜು ಸ್ಪರ್ಧೆ ಅಥವಾ ಆಯ್ಕೆ ಪರೀಕ್ಷೆಯ ಮೂಲಕ ವಿಶ್ವವಿದ್ಯಾಲಯದ ತಂಡಕ್ಕೆ ಸೇರುತ್ತಾರೆ. ಗದಗ ಭಾಗದ ಅನೇಕ ಪದವಿ ಕಾಲೇಜುಗಳು 1949ರಲ್ಲಿ ಸ್ಥಾಪನೆಯಾದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿವೆ. ಪ್ರವೇಶ ದಾಖಲೆ, ಜನ್ಮದಿನಾಂಕದ ಪುರಾವೆ, ಹಿಂದಿನ ಪರೀಕ್ಷೆಗಳ ಅಂಕಪಟ್ಟಿ ಮತ್ತು ಗುರುತಿನ ಚೀಟಿಗಳು ಅರ್ಹತಾ ಪತ್ರಕ್ಕೆ ಬೇಕಾಗುತ್ತವೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಸವಾರನನ್ನು ಒಂದು ಕಾಗದದ ಕೊರತೆಯೂ ಸ್ಪರ್ಧೆಯಿಂದ ಹೊರಗಿಡಬಲ್ಲದು. ಆದ್ದರಿಂದ ದಾಖಲೆಗಳನ್ನು ಋತುವಿನ ಆರಂಭದಲ್ಲಿಯೇ ಒಟ್ಟುಗೂಡಿಸುವುದು ಸಿದ್ಧತೆಯ ಅವಿಭಾಜ್ಯ ಭಾಗವಾಗಿದೆ.

ಇವನ್ನೂ ನೋಡಿ

* ಸೈಕಲ್
* ಗದಗ ಜಿಲ್ಲೆ
* ಕಪ್ಪತಗುಡ್ಡ
* ಮುಂಡರಗಿ