ಪೆನ್ನೇರಿನ ಗಂಡಿಯಲ್ಲಿ ಗೇರ್ ಸೈಕಲ್

ಮಡಕಶಿರಾ ತಾಲ್ಲೂಕಿನ ನಮ್ಮ ಕಡೆ ಸೈಕಲ್ ಅಂದರೆ ದುಡಿಯುವ ಗಾಡಿ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಕಡಲೆಕಾಯಿ ಮೂಟೆ, ಜಾತ್ರೆ ದಿನ ಮುಂದಿನ ಬಾರಿನ ಮೇಲೆ ಮಗು, ಹಿಂದೆ ಹೆಂಡತಿ. ಇಷ್ಟನ್ನೆಲ್ಲ ಹೊತ್ತ ಸೈಕಲ್ ಇನ್ನೂ ನಮ್ಮ ಹಟ್ಟಿಯ ಗೋಡೆಗೆ ಒರಗಿಕೊಂಡಿದೆ. ಏನೂ ಹೇರದೆ, ಇರುವ ಡಾಂಬರು ರಸ್ತೆಯನ್ನೂ ಬಿಟ್ಟು, ಕಲ್ಲುಬಂಡೆ ಹುಡುಕಿಕೊಂಡು ಹೋಗಿ ಸೈಕಲ್ ತುಳಿಯುವವರಿದ್ದಾರೆ ಎಂದರೆ ಅರಳಿಕಟ್ಟೆಯಲ್ಲಿ ಕೂತವರು ನಗುತ್ತಾರೆ. ನಾನೂ ನಕ್ಕವನೇ.

ನಗು ನಿಂತದ್ದು ತಮ್ಮನ ಮಗ ಅಂಥ ಸೈಕಲ್ ತಂದು ಅಂಗಳದಲ್ಲಿ ನಿಲ್ಲಿಸಿದ ದಿನ. ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ. ಸೈಕಲ್ಲಿನ ಬೆಲೆ ಕೇಳಿದೆ; ಒಂದು ಒಳ್ಳೆ ಸೀಮೆಹಸುವಿನ ಬೆಲೆ ಹೇಳಿದ. ಬೆರಳು ಗಾತ್ರದ ಟೈರು ಕಂಡು ಬೆಳೆದ ನನಗೆ ಇದರ ಟೈರು ಹೆಬ್ಬಾವಿನ ಹಾಗೆ ಕಂಡಿತು. ಮುಂದಿನ ಕಡ್ಡಿಯಲ್ಲಿ ಮೋಟಾರ್ ಸೈಕಲ್ಲಿಗಿದ್ದ ಹಾಗೆ ಸ್ಪ್ರಿಂಗು. ಗಾಲಿಯ ನಡುವೆ ತಟ್ಟೆಯಂಥ ಬ್ರೇಕು. ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ಲೂ ಇಲ್ಲ.

ಅವನು ಹೊರಟಿದ್ದು ಗಂಡಿಕೋಟೆಗೆ, ಕಡಪ ಜಿಲ್ಲೆಯ ಜಮ್ಮಲಮಡುಗಿನ ಹತ್ತಿರ, ಪೆನ್ನಾ ನದಿ ಎರ್ರಮಲ ಬೆಟ್ಟವನ್ನು ಕೊರೆದುಕೊಂಡು ಹರಿಯುವ ಜಾಗಕ್ಕೆ. ಅಲ್ಲಿ ಕಮರಿಯ ಅಂಚಿನಲ್ಲಿ ಕುರಿಗಾಹಿಗಳು ಓಡಾಡುವ ಕಾಲುದಾರಿಯಲ್ಲಿ ಸವಾರಿ. ಹುಡುಗ ಆರನೇ ಕ್ಲಾಸಿನಲ್ಲಿದ್ದಾಗ ನನ್ನ ತಮ್ಮ ತೀರಿಕೊಂಡ. ಬಾರಿನ ಕೆಳಗೆ ಕಾಲು ತೂರಿಸಿ ತುಳಿಯುವ ವಯಸ್ಸಿನಿಂದ ಸೀಟು ಹಿಡಿದು ಹಿಂದೆ ಓಡಿದವನು ನಾನು. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು, "ಭಾವ, ನೀವೂ ಜೊತೇಲಿ ಹೋಗಿ ಬನ್ನಿ. ಇರೋನು ಒಬ್ನೇ ಮಗ" ಅಂದಳು. ಹಾಗೆ ಕಾವಲಿಗೆ ಹೊರಟವನು ನಾನು. ಸಂಕ್ರಾಂತಿ ಕಳೆದಿತ್ತು, ಕಣದ ಕೆಲಸವೂ ಮುಗಿದಿತ್ತು.

ಇನ್ನೊಂದು ಕಾರಣವೂ ಇತ್ತೆನ್ನಿ. ಪೆನ್ನೆ ನಮ್ಮ ಹುಡುಗಿ. ಚಿಕ್ಕಬಳ್ಳಾಪುರದ ನಂದಿ ಸಾಲಿನ ಚೆನ್ನಕೇಶವ ಬೆಟ್ಟದಲ್ಲಿ ಹುಟ್ಟಿ, ಗೌರಿಬಿದನೂರು ಮುಟ್ಟಿ, ಹಿಂದೂಪುರದ ಸೀಮೆಗೆ ಇಳಿಯುತ್ತಾಳೆ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ಅವಳನ್ನು ಕೂಡಿಕೊಳ್ಳುವುದೂ ಆ ಸೀಮೆಯಲ್ಲೇ. ಕನ್ನಡದಲ್ಲಿ ಉತ್ತರ ಪಿನಾಕಿನಿ, ತೆಲುಗಿನಲ್ಲಿ ಪೆನ್ನೇರು. ಒಟ್ಟು 597 ಕಿಲೋಮೀಟರು ಹರಿದು ನೆಲ್ಲೂರು ಜಿಲ್ಲೆಯಲ್ಲಿ ಸಮುದ್ರ ಸೇರುವವಳು. ಆದರೆ ನಾವು ಕಂಡದ್ದು ಮರಳು ಮಾತ್ರ. ವಿದ್ವಾನ್ ವಿಶ್ವಂ 'ಪೆನ್ನೇಟಿ ಪಾಟ' ಬರೆದದ್ದೂ ಈ ಒಣಸೀಮೆಯ ಬಡತನದ ಮೇಲೇ. 2022ರ ಮಳೆಗೆ ಜಯಮಂಗಲಿ, ಪೆನ್ನೆ ಇಬ್ಬರೂ ತುಂಬಿ ಹರಿದಾಗ ಕೆಲಸ ಬಿಟ್ಟು ಸೇತುವೆ ಮೇಲೆ ನಿಂತು ನೋಡಿದವರಲ್ಲಿ ನಾನೂ ಒಬ್ಬ. ನಾನು ಅವಳ ಮೇಲೆ ಎರಡೂ ಭಾಷೆಯಲ್ಲಿ ಪದ್ಯ ಕಟ್ಟಿದ್ದೇನೆ. ಕನ್ನಡದ್ದರಲ್ಲಿ ಆಕೆ ತವರು ಬಿಟ್ಟು ಹೋಗುವ ಮಗಳು, ತೆಲುಗಿನದರಲ್ಲಿ ಹೊಸ್ತಿಲು ದಾಟಿ ಬರುವ ಸೊಸೆ. ಸೊಸೆಯ ಮನೆ ಹೇಗಿದೆಯೋ ಒಮ್ಮೆ ನೋಡಬೇಕಿತ್ತು.

ಅವನ ಗೆಳೆಯನ ಕಾರಿನ ಹಿಂದೆ ಮೂರು ಸೈಕಲ್ ಕಟ್ಟಿಕೊಂಡು ಹೊರಟೆವು. ಹಿಂದೂಪುರ, ಅನಂತಪುರ, ತಾಡಿಪತ್ರಿ. ಕಾರಿನಲ್ಲಿ ಗೆಳೆಯ ಈ ಆಟದ ಚರಿತ್ರೆ ಹೇಳಿದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟಮಾಲ್ಪಾಯಿಸ್ ಎಂಬ ಬೆಟ್ಟ. 1970ರ ದಶಕದಲ್ಲಿ ಅಲ್ಲಿನ ಪಡ್ಡೆ ಹುಡುಗರು ಯಾರೂ ಕೇಳದ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ತಂದು ಬೆಟ್ಟದಿಂದ ಕೆಳಕ್ಕೆ ಬಿಡುತ್ತಿದ್ದರಂತೆ. ಹಿಂದೆ ಒಂದು ಕಾಲದಲ್ಲಿ ಪೇಪರ್ ಹಾಕುವ ಹುಡುಗರು ತುಳಿಯುತ್ತಿದ್ದಂಥ ಸೈಕಲ್ಲುಗಳು. ಬ್ರೇಕು ಹಿಂದಿನ ಗಾಲಿಯ ಗುಂಬದೊಳಗೆ. ಕೆಳಗೆ ಬರುವಷ್ಟರಲ್ಲಿ ಅದು ಕಾದು, ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲ ಬಿಚ್ಚಿ ಮತ್ತೆ ಗ್ರೀಸು ತುಂಬಬೇಕು. ಅದಕ್ಕೇ 1976ರಲ್ಲಿ ಶುರುವಾದ ಆ ಪಂದ್ಯಕ್ಕೆ 'ರೀಪ್ಯಾಕ್' ಅಂತಲೇ ಹೆಸರು ಬಿತ್ತು. ಮರುವರ್ಷ ಜೋ ಬ್ರೀಜ್ ಎಂಬಾತ ಈ ಕೆಲಸಕ್ಕೆಂದೇ ಹೊಸ ಸೈಕಲ್ ಕಟ್ಟಿದ. 1996ರಲ್ಲಿ ಅಟ್ಲಾಂಟಾದ ಒಲಿಂಪಿಕ್ಸಿಗೇ ಹೋಯಿತು ಈ ಆಟ. ಕೇಳಿ ನನಗೆ ಖುಷಿಯಾಯಿತು. ಅಂದರೆ ಇದರ ಮುತ್ತಜ್ಜ ನಮ್ಮ ಹಾಲಿನ ಸೈಕಲ್ಲಿನ ದಾಯಾದಿಯೇ!

ಜಮ್ಮಲಮಡುಗಿನಲ್ಲಿ ರಾತ್ರಿ ಮಲಗಿ ಬೆಳಗಿನ ಜಾವ ಕೋಟೆ ಸೇರಿದೆವು. ಒಳಗೆ ಮಾಧವರಾಯ, ರಘುನಾಥ ದೇವಾಲಯಗಳಿವೆ. ಜಾಮಿಯಾ ಮಸೀದಿ, ದೊಡ್ಡ ಕಣಜ ಇವೆ. ಪುರಾತತ್ವ ಇಲಾಖೆ ಕಾಯುವ ಜಾಗ, ಅಲ್ಲಿ ಸೈಕಲ್ ಹತ್ತಬಾರದು ಎಂದು ಹುಡುಗರೇ ತಳ್ಳಿಕೊಂಡು ಬಂದರು. ಕಲ್ಲಿನ ಅಂಚಿಗೆ ಬಂದು ಕೆಳಗೆ ನೋಡಿದರೆ ನೋಡಿ, ಮೈ ಜುಂ ಅಂತು. ಮುನ್ನೂರು ಅಡಿಯಷ್ಟು ಆಳ. ಎರಡೂ ಕಡೆ ಕೆಂಪು ಕಲ್ಲನ್ನು ಯಾರೋ ಕೂತು ಪೇರಿಸಿದ ಹಾಗೆ ಪದರ ಪದರ. ಆ ಕಲ್ಲಿಗೆ ಭೂಗರ್ಭದವರು ಈ ಊರಿನ ಹೆಸರನ್ನೇ ಇಟ್ಟು ಗಂಡಿಕೋಟ ಕ್ವಾರ್ಟ್ಸೈಟ್ ಎನ್ನುತ್ತಾರೆ. ನಮ್ಮ ಅಡಿಗೆಮನೆಯ ಕಟ್ಟೆಗೆ ಹಾಕುವ ಕಪ್ಪು ಕಡಪ ಕಲ್ಲು ಬೇರೆ, ಆದರೆ ಅದೂ ಇದೇ ಸೀಮೆಯದು. ತಳದಲ್ಲಿ ಹಸಿರು ನೀರು, ಮಡಿಚಿಟ್ಟ ಸೀರೆಯ ಹಾಗೆ ತಿರುಗಿ ಹೋಗಿತ್ತು. ಗಂಡಿ ಅಂದರೆ ತೆಲುಗಿನಲ್ಲಿ ಬೆಟ್ಟದ ಸಂದು. ಕೆರೆ ಏರಿ ಒಡೆದರೆ ನಾವೂ ಕಂಡಿ ಬಿತ್ತು ಎನ್ನುವುದಿಲ್ಲವೇ, ಅದೇ ಮಾತು.

1652ರಲ್ಲಿ ಇಲ್ಲಿಗೆ ಬಂದ ತಾವರ್ನಿಯೇ ಎಂಬ ಫ್ರೆಂಚ್ ವಜ್ರದ ವ್ಯಾಪಾರಿ ಕೋಟೆಗೆ ಹತ್ತುವ ದಾರಿಗೆ ಹೆದರಿ ಬರೆದಿಟ್ಟಿದ್ದಾನೆ. ಬೆಟ್ಟ ಕಡಿದು ಮಾಡಿದ ದಾರಿ, ಕೆಲವು ಕಡೆ ಏಳೆಂಟು ಅಡಿ ಅಗಲ ಮಾತ್ರ, ಬಲಗಡೆ ಭಯಂಕರ ಪ್ರಪಾತ, ಅದರ ಬುಡದಲ್ಲಿ ದೊಡ್ಡ ನದಿ ಎಂದು. ಆ ಮಹಾಶಯ ನಮ್ಮ ದಾರಿ ನೋಡಿದ್ದರೆ ಏನನ್ನುತ್ತಿದ್ದನೋ. ನಮ್ಮದು ಒಂದಡಿ, ಕುರಿಗಳು ಸಾಲಾಗಿ ನಡೆದು ಮಾಡಿದ್ದು.

ಕೋಟೆಯಿಂದ ದೂರ ಬಂದ ಮೇಲೆ ಸವಾರಿ ಶುರು. ಮೊದಲು ಅಂಚಿನಿಂದ ದೂರದ ದಾರಿಯಲ್ಲಿ ಹುಡುಗ ನನಗೆ ಪಾಠ ಹೇಳಿದ. ಟೈರಿನ ಗಾಳಿ ಸ್ವಲ್ಪ ಇಳಿಸಿದ, ಕಲ್ಲನ್ನು ಕಚ್ಚಿ ಹಿಡಿಯಲಿ ಅಂತ. ಇಳಿಜಾರಿಗೆ ಸೀಟು ತಗ್ಗಿಸಿದ. "ದೊಡ್ಡಪ್ಪ, ಇಳಿಯುವಾಗ ಸೀಟ್ ಮ್ಯಾಲೆ ಕೂರ್ಬ್ಯಾಡ. ಎರಡು ಪೆಡಲ್ಲೂ ಸಮ ಮಾಡಿ ನಿಂತ್ಕೊ. ಮೊಣಕೈ ಸಡಿಲ ಬಿಡು, ಹಿಂದಕ್ಕೆ ಭಾರ ಹಾಕು. ಕಲ್ಲು ನೋಡ್ಬ್ಯಾಡ, ಹೋಗೋ ಜಾಗ ನೋಡು. ಕಲ್ಲು ನೋಡಿದ್ರೆ ಕಲ್ಲಿಗೇ ಹೋಗ್ತೀಯ." ನೇಗಿಲು ಹಿಡಿದಾಗ ನಮ್ಮಪ್ಪ ನನಗೆ ಹೇಳುತ್ತಿದ್ದದ್ದೂ ಇದೇ, ಕುಳ ನೋಡಬೇಡ, ಸಾಲಿನ ಆ ಕೊನೆ ನೋಡು ಅಂತ. ಸಣ್ಣ ಗೇರಿಗೆ ಹಾಕಿದರೆ ಕಾಲು ರಾಟೆಯ ಹಾಗೆ ತಿರುಗುತ್ತದೆ, ಸೈಕಲ್ ಮಾತ್ರ ಆಮೆಯ ಹಾಗೆ ಹತ್ತುತ್ತದೆ. ಆದರೆ ಹತ್ತುತ್ತದೆ! ನಮ್ಮ ಸೈಕಲ್ಲಾದರೆ ಇಳಿದು ತಳ್ಳಬೇಕಾದ ಏರನ್ನು ಐವತ್ತು ದಾಟಿದ ಈ ಮಂಡಿ ಹತ್ತಿಸಿತು.

ಮುಳ್ಳಿನದೊಂದು ಮಾತು ಹೇಳಬೇಕು. ದಾರಿಯ ಉದ್ದಕ್ಕೂ ಬಳ್ಳಾರಿ ಜಾಲಿ. ನಾವು ಬಳ್ಳಾರಿಯವರ ಮೇಲೆ ಹಾಕಿ ಹೆಸರಿಟ್ಟಿದ್ದೇವೆ, ತೆಲುಗಿನವರು ಸರ್ಕಾರು ತುಮ್ಮ ಎಂದು ಸರ್ಕಾರದ ಮೇಲೆ ಹಾಕಿದ್ದಾರೆ. ಯಾರ ಮೇಲೆ ಹಾಕಿದರೂ ಮುಳ್ಳು ಮುಳ್ಳೇ. ಆದರೆ ಹುಡುಗರ ಟೈರಿಗೆ ಟ್ಯೂಬ್ ಇಲ್ಲ, ಒಳಗೆ ಹಾಲಿನಂಥ ಒಂದು ದ್ರಾವಣ. ಮುಳ್ಳು ಕಿತ್ತರೆ ಅದು ಬುಸ್ ಎಂದು ಬಂದು ತೂತಿನಲ್ಲೇ ಗಟ್ಟಿಯಾಗುತ್ತದೆ. ಅಡ್ಡ ಬಕೆಟ್ಟು ನೀರಲ್ಲಿ ಟ್ಯೂಬ್ ಮುಳುಗಿಸಿ ಗುಳ್ಳೆ ಹುಡುಕಿದ ನನ್ನ ಬಾಲ್ಯವೆಲ್ಲ ನೆನಪಿಗೆ ಬಂತು.

ಒಂದು ಇಳಿಜಾರು. ಚೂರು ಚೂರು ಕಲ್ಲು, ಕೊನೆಗೆ ಎಡಕ್ಕೆ ತಿರುವು. ಹುಡುಗ ಇಳಿದು ತಿರುವಿನಲ್ಲಿ ನಿಂತು, "ನೀನು ನಡ್ಕೊಂಡ್ ಬಾ ದೊಡ್ಡಪ್ಪ" ಅಂದ. ಆ ಮಾತು ಹೇಳಬಾರದಿತ್ತು. ನಾನು ಬಿಟ್ಟೆ. ಅರ್ಧ ಇಳಿದ ಮೇಲೆ ವೇಗಕ್ಕೆ ಹೆದರಿ ಎರಡೂ ಬ್ರೇಕು ಕೈತುಂಬ ಹಿಡಿದೆ. ನಮ್ಮ ಕಡ್ಡಿ ಬ್ರೇಕಿಗೆ ಹಾಗೆ ಹಿಡಿದರೂ ಸೈಕಲ್ ಹತ್ತು ಮಾರು ಹೋಗಿ ನಿಧಾನಕ್ಕೆ ನಿಲ್ಲುತ್ತದೆ. ಈ ತಟ್ಟೆ ಬ್ರೇಕಿಗೆ ಒಂದು ಬೆರಳು ಸಾಕಂತೆ. ಮುಂದಿನ ಗಾಲಿ ಅಲ್ಲೇ ನಿಂತಿತು, ನಾನು ನಿಲ್ಲಲಿಲ್ಲ. ಹ್ಯಾಂಡಲ್ ದಾಟಿ ಹೋಗಿ ಬಿದ್ದೆ. ಪುಣ್ಯಕ್ಕೆ ಬೆಟ್ಟದ ಕಡೆಗೆ ಬಿದ್ದೆ, ಕಮರಿಯ ಕಡೆಗಲ್ಲ. ಮೊಣಕೈ ತರಚಿ ರಕ್ತ, ಮಣಿಕಟ್ಟು ಉಳುಕು. ತೆಂಗಿನ ಚಿಪ್ಪು ಎಂದು ನಾನು ಗೇಲಿ ಮಾಡಿದ್ದ ಹೆಲ್ಮೆಟ್ಟು ಕಿವಿಯ ಮೇಲೆ ಸೀಳು ಬಿಟ್ಟಿತ್ತು.

ಹುಡುಗ ಓಡಿ ಬಂದ. ಬೈಯಲಿಲ್ಲ. ಕೈ ತೊಳೆದು ಬಟ್ಟೆ ಕಟ್ಟಿ, "ತಪ್ಪು ನಂದು. ಬ್ರೇಕಿನ ವಿಷಯ ಮೊದ್ಲೇ ಹೇಳ್ಬೇಕಿತ್ತು" ಅಂದ. ಅವನ ಕೈ ನಡುಗುತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಅವನು ಮೊದಲ ಸಲ ಬೇಲಿಗೆ ಬಿದ್ದಾಗ ನನ್ನ ಕೈಯೂ ಹೀಗೇ ನಡುಗಿದ್ದು ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ಅಲ್ಲಿಂದ ಮುಂದೆ ದಾರಿ ಅಂಚಿಗೇ ಸರಿಯುತ್ತದೆ. ನಾನು ಬಂಡೆಯ ಮೇಲೆ ಕೂತೆ, ಅವನು ಹೊರಟ. ಕಲ್ಲಿಂದ ಕಲ್ಲಿಗೆ ಆಡಿನ ಹಾಗೆ ಇಳಿದ. ಬಲಗಡೆ ಎರಡು ಮಾರು ನೆಲ, ಆಮೇಲೆ ಬರೀ ಗಾಳಿ. ಕೂಗಬೇಕೆನಿಸಿತು. ಕೂಗಿದರೆ ತಿರುಗಿ ನೋಡುತ್ತಾನೆ, ನೋಡಿದ ಕಡೆಗೆ ಸೈಕಲ್ ಹೋಗುತ್ತದೆ, ಪಾಠ ಅವನೇ ಹೇಳಿದ್ದಾನಲ್ಲ. ಬಾಯಿ ಮುಚ್ಚಿಕೊಂಡು ಅವರಮ್ಮನ ಮುಖ ನೆನೆದೆ. ನೆಲ ಇನ್ನೂ ಕಿರಿದಾದ ಕಡೆ ಅವನು ತಾನೇ ನಿಂತ. ಬಗ್ಗಿ ನೋಡಿದ. ಇಳಿದು ಸೈಕಲ್ಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ನಡೆದು ದಾಟಿದ. ಆಗ ನಾನು ಉಸಿರು ಬಿಟ್ಟೆ.

ಇದನ್ನೆಲ್ಲ ಒಬ್ಬ ಕುರಿಗಾಹಿ ನೋಡುತ್ತ ನಿಂತಿದ್ದ. ನನ್ನ ಪಕ್ಕ ಬಂದು, "ಸೈಕಿಲು ಮೀದ ಮನಿಷಿ ಪೋತಾಡಾ, ಮನಿಷಿ ಮೀದ ಸೈಕಿಲು ಪೋತಾದಾ ಸಾಮೀ?" ಅಂದ. ಸೈಕಲ್ ಮೇಲೆ ಮನುಷ್ಯ ಹೋಗುವುದೋ, ಮನುಷ್ಯನ ಮೇಲೆ ಸೈಕಲ್ಲೋ ಎಂದು. ನಕ್ಕು ಬೀಡಿ ಹಂಚಿಕೊಂಡೆವು. ಕೆಳಗಿನ ನೀರು ತೋರಿಸಿ, ಇದು ನಮ್ಮೂರ ಕಡೆಯಿಂದ ಬಂದ ನೀರು ಎಂದು ಜಂಬದಲ್ಲಿ ಹೇಳಿದೆ. ಅವನು ತಲೆ ಆಡಿಸಿ, "ಪೆನ್ನ ನೀಳ್ಳು ಕಾದು ಸಾಮೀ, ಕೃಷ್ಣಮ್ಮ" ಅಂದ.

ಅವನು ಹೇಳಿದ್ದು ನಿಜ. ಶ್ರೀಶೈಲದಿಂದ ಗಾಲೇರು-ನಗರಿ ಕಾಲುವೆಯಲ್ಲಿ ಕೃಷ್ಣೆಯ ನೀರು ತಂದು ಇಲ್ಲಿಯ ಜಲಾಶಯಕ್ಕೆ ತುಂಬಿಸುತ್ತಾರೆ. 26.85 ಟಿ.ಎಂ.ಸಿ. ಹಿಡಿಯುವ ಜಲಾಶಯ, ಅದಕ್ಕಾಗಿ ಊರುಗಳೇ ಮುಳುಗಿವೆ. ಅಲ್ಲಿಂದ ಬಿಟ್ಟ ನೀರು ಈ ಗಂಡಿಯಲ್ಲಿ ಹಾಯ್ದು ಮೈಲವರಂ ಅಣೆಕಟ್ಟೆಗೆ ಹೋಗುತ್ತದೆ. ನಾನು ಸೊಸೆಯ ಮನೆ ನೋಡಲು ಬಂದರೆ ಅಲ್ಲಿ ಇದ್ದವಳು ಬೇರೆಯವಳು. ಆಕೆಯೂ ವಿಜಯಪುರ, ಬಾಗಲಕೋಟೆ, ರಾಯಚೂರು ದಾಟಿ ಬಂದವಳೇ ಎಂದು ಸಮಾಧಾನ ಮಾಡಿಕೊಂಡೆ. ತೆಲುಗಿನ ಪದ್ಯವನ್ನು ತಿದ್ದಬೇಕು, ಇನ್ನೂ ತಿದ್ದಿಲ್ಲ.

ಹೋಗುವ ಮನಸ್ಸಿದ್ದವರಿಗೆ ಇಷ್ಟು ಹೇಳುತ್ತೇನೆ. ಮಳೆ ನಿಂತ ಮೇಲೆ, ಬಿಸಿಲು ಏರುವ ಮುಂಚಿನ ತಿಂಗಳುಗಳಲ್ಲಿ ಹೋಗಿ. ಕಲ್ಲು ಒದ್ದೆಯಾಗಿದ್ದರೆ ಅಂಚಿಗೆ ಬೇಡ. ನೀರು ಹೊತ್ತುಕೊಳ್ಳಿ, ಒಬ್ಬರೇ ಹೋಗಬೇಡಿ. ಬ್ರೇಕಿಗೆ ಒಂದು ಬೆರಳು.

ವಾಪಸು ಬರುವಾಗ ತಾಡಿಪತ್ರಿಯಲ್ಲಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿದರು. ಮನೆ ಸೇರಿದಾಗ ರಾತ್ರಿ ಹತ್ತು. ತಮ್ಮನ ಹೆಂಡತಿ ದೀಪದ ಬೆಳಕಲ್ಲಿ ಮಗನನ್ನು ಮೇಲಿಂದ ಕೆಳಗೆ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು.

"ಭಾವ, ನಾನ್ ಕಾಯಕ್ಕೆ ಕಳಿಸಿದ್ದು ಯಾರನ್ನ?" ಅಂದು ಅರಿಶಿನ ಬಿಸಿ ಮಾಡಲು ಒಳಗೆ ಹೋದಳು.